ಗಾಲಿಮನೆಯ ಹೊದಿಕೆ

ದೆವ್ವ, ಭೂತ, ಕನಸಿನಲ್ಲಿ ಬಂದು ಹೇಳಿದ ಮಾತು, ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ನಾನು ನರ್ಸು. ಜ್ವರ ನೂರ ನಾಲ್ಕು ಡಿಗ್ರಿಗೆ ಏರಿದವರು ಸತ್ತುಹೋದ ಅತ್ತೆಯನ್ನು ಕಂಡು ಮಾತಾಡಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಜ್ವರ ಇಳಿದ ಮೇಲೆ ಅತ್ತೆಯೂ ಹೋಗುತ್ತಿದ್ದಳು. ಆದ್ದರಿಂದ ಈಗ ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಇಂಥ ಸಂಗತಿಗಳು ರಾತ್ರಿ ಹೊತ್ತು ನಡೆಯಬೇಕೆಂದು ವಾಡಿಕೆ. ನನ್ನದು ನಡೆದದ್ದು ಹಾಡುಹಗಲು, ಮಧ್ಯಾಹ್ನ ಮೂರರ ಸುಮಾರಿಗೆ, ಮುಂಡರಗಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನ ಅಂಗಳದಲ್ಲಿ. ಕನ್ನಡ ನಾಡು ಒಂದಾದ ವರ್ಷದ ಮಳೆಗಾಲ ಅದು.

ಆಗ ನನಗೆ ಇಪ್ಪತ್ತಾರು. ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ನರ್ಸಿಂಗ್ ಕಲಿತು ಗದಗಿನ ಒಬ್ಬ ಡಾಕ್ಟರಬಾಯಿಯವರ ಕೈಕೆಳಗೆ ಸೇರಿದ್ದೆ. ಅವರ ಹತ್ತಿರ ಒಂದು ವಿಚಿತ್ರ ವಾಹನವಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ್ದ ದೊಡ್ಡ ಟ್ರೇಲರು. ಹಲಗೆಯ ಗೋಡೆ, ತಗಡಿನ ಮಾಡು, ಎರಡು ಕಿಟಕಿ, ಒಂದು ಬಾಗಿಲು. ಒಳಗೆ ಎರಡು ಮಂಚ, ಔಷಧದ ಕಪಾಟು, ರೋಗಿಯನ್ನು ಮಲಗಿಸಿ ನೋಡಲು ಒಂದು ಮೇಜು. ಜೀಪಿಗೆ ಕಟ್ಟಿಕೊಂಡು ಸೊರಟೂರು, ಬೆಳ್ಳಟ್ಟಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಂದು ಊರೂರು ತಿರುಗುತ್ತಿದ್ದೆವು. ಜನ ಅದಕ್ಕೆ 'ಗಾಲಿಮನಿ' ಎಂದು ಹೆಸರಿಟ್ಟಿದ್ದರು. ಎಷ್ಟೋ ಮಕ್ಕಳು ಆ ಮೇಜಿನ ಮೇಲೆ ಹುಟ್ಟಿದ್ದವು. ಡಾಕ್ಟರಬಾಯಿಯವರಿಗೆ ಅದು ದವಾಖಾನೆ; ನನಗೆ ಮಾತ್ರ ಅದು ನಿಜವಾಗಿಯೂ ಮನೆ. ಬೇರೆ ಮನೆ ನನಗಿರಲಿಲ್ಲ.

ಮಳೆ ಹಿಡಿದರೆ ನಮ್ಮ ಎರೆ ಭೂಮಿಯಲ್ಲಿ ಎತ್ತಿನ ಕಾಲೇ ಕೀಳುವುದಿಲ್ಲ, ಇನ್ನು ಆ ಭಾರದ ಗಾಡಿ ಹೇಗೆ ಹೋದೀತು? ಆ ವರ್ಷ ನಾವು ಮುಂಡರಗಿಯಲ್ಲಿರುವಾಗಲೇ ಮಳೆ ಶುರುವಾಗುವ ಲಕ್ಷಣ ಕಂಡಿತು. ಜಿನ್ನಿನ ಮಾಲೀಕರು ಅಂಗಳದಲ್ಲಿ ನಿಲ್ಲಿಸಿಕೊಳ್ಳಲು ಒಪ್ಪಿದರು. ಅಷ್ಟು ಎತ್ತರದ ಗಾಡಿ ಹಿಡಿಸುವ ಕೊಟ್ಟಿಗೆ ಎಲ್ಲೂ ಇರಲಿಲ್ಲ; ನಾಲ್ಕು ತಿಂಗಳು ಬಯಲಲ್ಲೇ ನಿಲ್ಲಬೇಕಿತ್ತು. ಹಿಂದಿನ ವರ್ಷವೇ ಮೂಲೆಯ ಹಲಗೆಗಳು ನೀರು ಕುಡಿದು ಉಬ್ಬಿದ್ದವು. "ಇನ್ನೊಂದು ಮಳಿಗಾಲ ಹಿಂಗ ಕಳದ್ರ ಇದರ ಆಟ ಮುಗೀತು" ಎಂದು ಬಡಿಗ ಹೇಳಿಬಿಟ್ಟಿದ್ದ. ಹೊಸದು ಎಲ್ಲಿಂದ ತರುವುದು?

ಅದಕ್ಕೇ ಡಾಕ್ಟರಬಾಯಿಯವರು ಬೆಟಗೇರಿಯ ಇಮಾಮಸಾಬರಿಗೆ ಹೇಳಿ ಹೊದಿಕೆ ಹೊಲಿಸಿದರು. ಇಮಾಮಸಾಬರು ಡೇರೆ, ಗಾಡಿಯ ತಾಡಪತ್ರಿ ಹೊಲಿಯುವವರು. ಎಪ್ಪತ್ತರ ಮೇಲಿನ ವಯಸ್ಸು, ಸಣ್ಣ ಆಳು, ಅಂಗೈಗೆ ಸದಾ ಒಂದು ತೊಗಲಿನ ಪಟ್ಟಿ. ದಪ್ಪ ಹತ್ತಿಯ ಬಟ್ಟೆಯನ್ನು ಗಾಡಿಯ ಮೈಗೆ ಸರಿಯಾಗಿ ಅಂಗಿ ಹೊಲಿದ ಹಾಗೆ ಹೊಲಿದು ತಂದು, ತಾವೇ ನಿಂತು ಹೊದಿಸಿ ಆರು ಹಗ್ಗಗಳಿಂದ ಕಟ್ಟಿದರು. ಗಾಲಿಗಳ ಕೆಳಗೆ ಕಲ್ಲು ಕೊಟ್ಟರು. ಬಟ್ಟೆ ತಿಕ್ಕಿ ಹರಿಯದಂತೆ ತಗಡಿನ ಮೂಲೆಗಳಿಗೆ ಹುಲ್ಲು ತುಂಬಿದ ಗೋಣಿಚೀಲ ಕಟ್ಟಿದರು. ಹಿಂದೆ ಮುಂದೆ ಒಂದೊಂದು ಬಾಯಿ ಬಿಟ್ಟು, ಅದರ ಮೇಲೆ ಇಳಿಜಾರಿನ ಸೆರಗು ಹೊಲಿದಿದ್ದರು.

"ಈ ಬಾಯಿ ಮುಚ್ಚಬ್ಯಾಡ ತಂಗಿ" ಎಂದರು ಹೋಗುವಾಗ.

"ಆತ್ರಿ ಚಾಚಾ" ಎಂದೆ. ಆದರೆ ಮುಚ್ಚಿದೆ. ಅವರು ಹೋದ ವಾರಕ್ಕೆ ಗಾಳಿಮಳೆ ಬಂತು. ಆ ಬಾಯಿಗಳು ಪಟಪಟ ಬಡಿದುಕೊಳ್ಳುವುದನ್ನು ಕಂಡು ನನಗೆ ಜೀವ ನಿಲ್ಲಲಿಲ್ಲ. ಒಂದು ಹನಿ ನೀರೂ ಒಳಗೆ ಹೋಗಬಾರದೆಂದು ದಬ್ಬಣ ತಂದು ಎರಡನ್ನೂ ಬಿಗಿಯಾಗಿ ಹೊಲಿದೆ. ಹಗ್ಗಗಳನ್ನು ಬಿಚ್ಚಿ, ಜಿನ್ನಿನ ಕಾವಲುಗಾರನ ಕೈಯಿಂದ ಮತ್ತಷ್ಟು ಜಗ್ಗಿಸಿ ಕಟ್ಟಿಸಿದೆ. ಆಮೇಲೆ ನಿಶ್ಚಿಂತೆಯಾಗಿ ನಿದ್ದೆ ಮಾಡಿದೆ.

ಡಾಕ್ಟರಬಾಯಿಯವರು ಮಳೆಗಾಲಕ್ಕೆ ಗದಗಿಗೆ ಹೋದರು. ನಾನು ಮುಂಡರಗಿಯ ಒಂದು ಔಷಧಾಲಯದಲ್ಲಿ ಬೆಳಗಿನ ಹೊತ್ತು ಕೆಲಸ ಮಾಡುತ್ತ, ಜಿನ್ನಿನ ಗೇಟಿಗೆ ಹತ್ತಿದ ಕೋಣೆಯಲ್ಲಿ ಉಳಿದೆ. ನಾಗರಪಂಚಮಿ ನಾಲ್ಕು ದಿನ ಇದೆ ಎನ್ನುವಾಗ ಕಾವಲುಗಾರ ಹೆಂಡತಿಯನ್ನು ತವರಿಗೆ ಬಿಡಲು ಹೋದ. ಮಳೆಗಾಲಕ್ಕೆ ಜಿನ್ನು ನಿಂತಿತ್ತು; ಅಂಗಳದಲ್ಲಿ ನಾನೊಬ್ಬಳೇ. ಗೇಟಿಗೆ ಒಳಗಿನಿಂದ ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಐದು ದಿನದಿಂದ ಜಿಟಿಜಿಟಿ ಮಳೆ. ಅಂದು ಊಟ ಮಾಡಿ ಅಕ್ಕಿ ಆರಿಸುತ್ತ ಕುಳಿತಿದ್ದೆ. ಜ್ವರವಿರಲಿಲ್ಲ, ನಿದ್ದೆಗಣ್ಣೂ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ.

ತಲೆಯೆತ್ತಿ ನೋಡಿದರೆ ಗಾಲಿಮನೆಯ ಹಿಂದುಗಡೆ ಇಮಾಮಸಾಬರು ಕುಕ್ಕರಗಾಲಿನಲ್ಲಿ ಕುಳಿತು ನಾನು ಹಾಕಿದ ಹೊಲಿಗೆ ಬಿಚ್ಚುತ್ತಿದ್ದರು. ತಲೆಯ ಮೇಲೆ ಗೋಣಿಯ ಕೊಪ್ಪೆ. ನನಗೆ ಆಶ್ಚರ್ಯಕ್ಕಿಂತ ನಾಚಿಕೆಯಾಯಿತು. ಕಳವಿನಲ್ಲಿ ಸಿಕ್ಕಿಬಿದ್ದವಳಂತೆ ಓಡಿದೆ.

"ಯಾವಾಗ ಬಂದ್ರಿ ಚಾಚಾ? ಗೇಟ ಯಾರ ತಗದ್ರು?"

ಅವರು ಬಿಚ್ಚಿದ ದಾರವನ್ನು ಎತ್ತಿ ತೋರಿಸಿದರು. "ಬಾಯಿ ಯಾಕ ಹೊಲದಿ ತಂಗಿ?" ಎಂದರು.

"ಮಳಿ ಒಳಗ ಬಂದೀತಂತ ಅಂಜಿಕಿ ಆತ್ರಿ."

"ಹೊರಗಿನ ಮಳಿ ಬಟ್ಟಿ ತಡೀತೈತಿ. ಒಳಗಿನ ಹಸಿ ಎಲ್ಲಿಗೆ ಹೋಗಬೇಕು? ಹಿಂಗ ಇನ್ನೊಂದ ತಿಂಗಳ ಬಿಟ್ರ ಹಲಗಿ ಬೂಸ್ರು ಹಿಡದು ಉದರ್ತಾವು. ಮನಿಗೂ ಉಸರು ಬೇಕವ್ವಾ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಎದ್ದು ಹಗ್ಗ ಮುಟ್ಟಿ ನೋಡಿ, "ನೆನದ ಹಗ್ಗ ಬಿಗೀತೈತಿ, ಗೊತ್ತಿಲ್ಲೇನ? ಇನ್ನೆರಡ ದಿನಕ್ಕ ಬಟ್ಟಿ ಹರೀತಿತ್ತು. ಹಿಡಿ ಇದನ್ನ" ಎಂದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ನಾನು ಹಿಡಿದೆ. ಅವರು ಆ ಬದಿಗೆ ಹೋಗಿ ಸಡಿಲ ಬಿಟ್ಟು, ಮತ್ತೆ ಜಗ್ಗಿದರು. ಆ ಜಗ್ಗುವಿಕೆ ನನ್ನ ಅಂಗೈಗೆ ಬಂತು. ನೆನೆದ ಹಗ್ಗ ಉಜ್ಜಿ ಚರ್ಮ ಕೆಂಪಾಯಿತು. ಹೀಗೆ ಆರೂ ಹಗ್ಗ ಸರಿಮಾಡಿದೆವು. ಪ್ರತಿ ಗಂಟಿನ ಬುಡದಲ್ಲಿ ಒಂದು ಸಣ್ಣ ಕುಣಿಕೆ ಉಳಿಸಿ, "ಮಳಿ ಜೋರಾದ್ರ ಇದನ್ನ ಎಳಿ, ತಾನ ಸಡ್ಲ ಆಗತೈತಿ" ಎಂದು ತೋರಿಸಿದರು.

"ಕೋಣ್ಯಾಗ ಬರ್ರಿ, ಚಾ ಮಾಡ್ತೀನಿ" ಎಂದೆ.

"ಮಾಡು" ಎಂದರು.

ಒಲೆ ಹಸಿ ಹಿಡಿದಿತ್ತು, ತುಸು ಹೊತ್ತಾಯಿತು. ಚಹಾ ತೆಗೆದುಕೊಂಡು ಹೊರಬಂದರೆ ಅವರಿಲ್ಲ. ಅಂಗಳವೆಲ್ಲ ಸುತ್ತಿದೆ. ಗೇಟಿನ ಕೀಲಿ ಹಾಕಿದ್ದು ಹಾಕಿದಂತೆಯೇ ಇತ್ತು, ಕೀಲಿಕೈ ನನ್ನ ಸೊಂಟದಲ್ಲಿ. ಗೋಡೆ ಎರಡಾಳೆತ್ತರ. ಹೆದರಿಕೆಯಾಯಿತೇ ಎಂದು ಕೇಳಿದರೆ, ಇಲ್ಲ. ಮುದುಕ ಹೇಳದೆ ಹೋದರಲ್ಲ ಎಂದು ಸ್ವಲ್ಪ ಬೇಜಾರಾಯಿತು, ಅಷ್ಟೇ. ಕಾವಲುಗಾರ ಇವರಿಗೊಂದು ಕೀಲಿಕೈ ಕೊಟ್ಟಿರಬೇಕೆಂದುಕೊಂಡು ಎರಡು ಕಪ್ಪು ಚಹಾವನ್ನೂ ನಾನೇ ಕುಡಿದೆ.

ಪಂಚಮಿಗೆ ಶೇಂಗಾದ ಉಂಡಿ ಕಟ್ಟಿಕೊಂಡು ಬಸ್ಸು ಹತ್ತಿ ಗದಗಿಗೆ ಹೋದೆ. ಡಾಕ್ಟರಬಾಯಿಯವರನ್ನು ಕಂಡು, ಬೆಟಗೇರಿಗೆ ಇಮಾಮಸಾಬರ ಮನೆಗೂ ಹೋದೆ. ಬಾಗಿಲಲ್ಲಿ ಅವರ ಸೊಸೆ ಇದ್ದಳು. ಒಳಗೆ ಮಂಚದ ಮೇಲೆ ಇಮಾಮಸಾಬರು, ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರು.

"ಇದೇನ ಚಾಚಾ! ಯಾವಾಗ ಬಿದ್ರಿ?"

ಸೊಸೆ ಹೇಳಿದಳು: "ಒಂದ ತಿಂಗಳ ಆತ್ರೀ ಅಕ್ಕಾರ. ಬಚ್ಚಲದಾಗ ಜಾರಿದ್ರು. ಅವತ್ತಿನಿಂದ ಮಂಚ ಬಿಟ್ಟ ಇಳದಿಲ್ಲ."

ನನ್ನ ಕೈಯ ಬುಟ್ಟಿ ಕೆಳಗಿಟ್ಟೆ. ನಡೆದದ್ದನ್ನು ಹೇಳಿದೆ. ಸೊಸೆ ಬಾಯಿಗೆ ಸೆರಗು ಹಿಡಿದಳು. ಇಮಾಮಸಾಬರು ಮಾತ್ರ ಸೂರು ಹಾರುವಂತೆ ನಕ್ಕರು.

"ಬಾಯಿ ಹೊಲದಿದ್ದಿ ಹೌದಿಲ್ಲೋ?"

"ಹೌದ್ರಿ."

"ನನಗ ಆವಾಗ ಗೊತ್ತಿತ್ತು ನೀ ಹೊಲೀತಿ ಅಂತ. ನಿನ್ನ ಮಾರಿ ಮ್ಯಾಲ ಬರದಿತ್ತು. ಇಲ್ಲಿ ಬಿದ್ದಕೊಂಡು ದಿನಾ ಅದನ್ನ ಚಿಂತಿ ಮಾಡ್ತಿದ್ದೆ. ಆದ್ರ ನಾ ಬಂದಿಲ್ಲವ್ವಾ. ಈ ಕಾಲ ತಗೊಂಡು ಎಲ್ಲಿಗೆ ಬರ್ಲಿ?"

ನಾನು ನರ್ಸು, ಪ್ಲಾಸ್ಟರು ಮುಟ್ಟಿ ನೋಡಿದೆ. ಹಳೆಯದೇ. ಅಂಚು ಕೊಳೆಯಾಗಿ ಸವೆದಿತ್ತು.

ಮುಂಡರಗಿಗೆ ಮರಳಿ ಮೊದಲು ಮಾಡಿದ ಕೆಲಸ ಹೊದಿಕೆ ನೋಡಿದ್ದು. ಹೊಲಿಗೆ ಬಿಚ್ಚಿಯೇ ಇತ್ತು. ಆರು ಗಂಟುಗಳೂ, ಆರು ಕುಣಿಕೆಗಳೂ ಇದ್ದವು. ನಾನೇ ಮೈಮರೆತು ಹೀಗೆ ಮಾಡಿದೆನೇ ಎಂದು ಒಂದು ಹಗ್ಗದ ತುಂಡು ಹಿಡಿದು ಆ ಗಂಟು ಹಾಕಲು ಕುಳಿತೆ. ಸಂಜೆಯವರೆಗೆ ಕುಳಿತರೂ ಬರಲಿಲ್ಲ. ಬೇರೆ ಕೀಲಿಕೈ ಇರಲೇ ಇಲ್ಲವೆಂದು ಕಾವಲುಗಾರ ಮಕ್ಕಳ ಆಣೆ ಮಾಡಿ ಹೇಳಿದ.

ದಸರೆ ಕಳೆದ ಮೇಲೆ ಹೊದಿಕೆ ತೆಗೆದೆವು. ಬಾಗಿಲು ತೆಗೆದಾಗ ಒಳಗಿನಿಂದ ಒಣ ಕಟ್ಟಿಗೆಯ ವಾಸನೆ ಬಂತು, ಹೊಸ ಪೆಟ್ಟಿಗೆ ತೆಗೆದಾಗ ಬರುತ್ತದಲ್ಲ, ಹಾಗೆ. ಒಂದು ಹಲಗೆಯೂ ಕೆಟ್ಟಿರಲಿಲ್ಲ. ಡಾಕ್ಟರಬಾಯಿಯವರು ಮಂಚದ ಮೇಲೆ ಕುಳಿತು, "ಇನ್ನ ಹತ್ತ ವರ್ಷಕ್ಕ ಚಿಂತಿ ಇಲ್ಲ ನೋಡು" ಎಂದರು. ಅವರಿಗೂ ಎಲ್ಲ ಹೇಳಿದೆ. ನಾಡಿ ನೋಡುವವರಂತೆ ನನ್ನ ಮುಖ ನೋಡಿದರು. ದೀಪಾವಳಿಗೆ ನಾವು ಲಕ್ಷ್ಮೇಶ್ವರದಲ್ಲಿದ್ದೆವು. ರಾಜ್ಯ ಒಂದಾಯಿತೆಂದು ಜನ ಬೀದಿ ತುಂಬ ಪೇಢೆ ಹಂಚುತ್ತಿದ್ದರು. ನಮ್ಮ ಮೇಜಿನ ಮೇಲೆ ಅಂದೇ ಒಂದು ಹೆಣ್ಣುಕೂಸು ಹುಟ್ಟಿತು. ಅಷ್ಟು ಸಂತೋಷದ ವರ್ಷ ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಅದಾದ ಮೇಲೆ ಇಮಾಮಸಾಬರ ಮನೆಗೆ ಹೋದಾಗ ಅವರು ಕೋಲೂರಿ ಓಡಾಡುತ್ತಿದ್ದರು. ಗಾಲಿಮನೆ ಒಣಗಿಯೇ ಉಳಿಯಿತೆಂದು ಹೇಳಿ, ಮತ್ತೆ ಕೇಳಿದೆ: "ಖರೇನ ಹೇಳ್ರಿ ಚಾಚಾ. ಅವತ್ತ ಬಂದವರು ಯಾರು?"

"ಬಂದಿದ್ರಿ ಅಂತ ನೀ ಅಂತೀ, ಬಂದಿಲ್ಲ ಅಂತ ನಾ ಅಂತೀನಿ. ಮನಿ ಉಳೀತಲ್ಲ, ಇಬ್ಬರದೂ ಖರೆ ಇರಲಿ ಬಿಡು" ಎಂದರು. ಆಮೇಲೆ ಕಣ್ಣು ಕಿರಿದು ಮಾಡಿ, "ಮುಂದಿನ ಮಳಿಗಾಲಕ್ಕ ಹೇಳಿ ಕಳಸು. ಈ ಸಲ ಬಸ್ಸಿನ್ಯಾಗ ಬರ್ತೀನಿ" ಎಂದರು.

ಹೇಳಿ ಕಳಿಸಿದೆ. ಬಸ್ಸಿನಲ್ಲೇ ಬಂದರು. ಅವರು ಹಗ್ಗ ಕಟ್ಟುವಾಗ ಎದುರಿಗೇ ನಿಂತು ರೆಪ್ಪೆ ಹೊಡೆಯದೆ ನೋಡಿದೆ. ಗಂಟು ಅದೇ, ಕುಣಿಕೆ ಅದೇ, ಹಗ್ಗ ಜಗ್ಗಿದ ರೀತಿಯೂ ಅದೇ.