ನನ್ನ ಕಾಲು ತೊಳೆದ ನೀರು

ಟಿಕ್, ಟಿಕ್ — ಕಸ್ತೂರಿಯ ಬರಿಗಾಲಿನ ಬೆಳ್ಳಿ ಕಾಲುಂಗುರ ಡಾಂಬರಿಗೆ ತಾಗುವ ಸದ್ದು. ಸೋಲಾಪುರ ರಸ್ತೆಯಲ್ಲಿ ಅದು ನನ್ನ ಮುಂದೆ ಮುಂದೆ ಹೋಗುತ್ತಿತ್ತು. ಆಮೇಲೆ ಜೀಪಿನ ಬಾಗಿಲು ಹಾಕಿಕೊಂಡಿತು, ಸದ್ದು ನಿಂತಿತು. ಆ ಜೀಪಿನಲ್ಲಿ ಕುಳಿತವಳು ನಾನು, ಕಸ್ತೂರಿ ಅಲ್ಲ. ಇಷ್ಟು ವರ್ಷ ನಮ್ಮ ಮನೆಯವರೆಲ್ಲ ನಂಬಿಕೊಂಡು ಬಂದದ್ದು ಸುಳ್ಳು, ಆ ಸುಳ್ಳು ನನ್ನದು.

ಕಸ್ತೂರಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಕಾಖಂಡಕಿಯ ಹುಡುಗಿ, ಬಬಲೇಶ್ವರದ ನಮ್ಮ ಮನೆಗೆ ಬಂದು ಹೊಲ, ದನ, ಅತ್ತೆ ಎಲ್ಲವನ್ನೂ ನೋಡಿಕೊಂಡವಳು. ನಾನು ವಿಜಯಪುರದಲ್ಲಿ ಕಾನ್ವೆಂಟಿನಲ್ಲಿ ಓದಿದವಳು, ಮದುವೆಯಾದ ಮೇಲೂ ಗಂಡನ ನೌಕರಿಯಿಂದಾಗಿ ಸಿಟಿಯಲ್ಲೇ ಉಳಿದವಳು. ಹಬ್ಬಕ್ಕೆ ಬಂದು ಹೋಗುವ ಸೊಸೆ — ಆಲ್ಮೋಸ್ಟ್ ಗೆಸ್ಟ್.

ಆ ವರ್ಷ ಮೈದುನನ ಎರಡೂ ಕಿಡ್ನಿ ಸೋಲುತ್ತಿದ್ದವು. ಅತ್ತೆ ಹರಕೆ ಹೊತ್ತರು: ಮನೆಯ ಇಬ್ಬರೂ ಸೊಸೆಯರು ಸೀಗಿ ಹುಣ್ಣಿಮೆಗೆ ತುಳಜಾಪುರದ ಅಂಬಾಬಾಯಿ ಗುಡಿಗೆ ನಡೆದು ಹೋಗಬೇಕು, ಹೋಗುವ ದಾರಿಯಲ್ಲಿ ಗಾಡಿ ಹತ್ತಬಾರದು. ಇಬ್ಬರಿಗೂ ಒಂದೇ ಥರದ ಹಸಿರು ಇಳಕಲ್ ಸೀರೆ ತಂದರು. ನಾನು ಇದನ್ನು ಒಂದು ಲಾಂಗ್ ವಾಕ್ ಅಂದುಕೊಂಡೆ. ಸ್ಟೇಷನ್ ರಸ್ತೆಗೆ ಹೋಗಿ ಹೊಸ ಕ್ಯಾನ್ವಾಸ್ ಶೂ ಕೊಂಡೆ.

"ನೋಡ್ರಿ, ನಮ್ಮ ಅಕ್ಕಾರು ಅಂಬಾಬಾಯಿ ಮುಂದ ಪರೇಡ್ ಮಾಡಾಕ ಹೊಂಟಾರ," ಎಂದು ಕಸ್ತೂರಿ ನಾವು ಕೂಡಿಕೊಂಡಿದ್ದ ಬೇರೆ ಊರಿನ ಗುಂಪಿನ ಹೆಂಗಸರನ್ನೆಲ್ಲ ನಗಿಸಿದಳು. ನಾನೂ ನಕ್ಕೆ.

ಮೊದಲ ದಿನ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಇಕ್ಕೆಲದಲ್ಲೂ ಜೋಳದ ಹೊಲ, ಊರೂರಿನವರು ರಸ್ತೆಗೆ ಬಂದು ಕೊಡುವ ಚಹಾ, ಮಜ್ಜಿಗೆ; ಯಾರೋ ಗುರುತಿಲ್ಲದ ಹೆಂಗಸು ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕಿದ್ದು. ನಾನು ಯಾವ ಗುಂಪಿಗೂ ಸೇರಿದವಳಲ್ಲ, ಅಂದು ಸೇರಿದ್ದೆ. ಮರುದಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು, ಒಡೆದವು, ಕಾಲುಚೀಲ ಅದಕ್ಕೇ ಅಂಟಿಕೊಂಡಿತು. ಝಳಕಿ ದಾಟಿದ ಮೇಲೆ ಏರು ಬಂತು. ನಾನು ಕಲ್ಲಿನ ಮೇಲೆ ಕುಳಿತವಳು ಏಳಲಿಲ್ಲ. ಎಲ್ಲರ ಹಾಸಿಗೆ, ಬುತ್ತಿ ಹೊತ್ತ ಜೀಪು ಹಿಂದಿನಿಂದ ಬಂತು.

ಕಸ್ತೂರಿ ನನ್ನ ಕಾಲು ನೋಡಿದಳು, ಆಮೇಲೆ ಮುಖ. "ಹತ್ರಿ ಅಕ್ಕಾರ. ನಿಮ್ಮ ಪಾಲಿಂದೂ ನಾನ ನಡೀತೀನಿ. ತಾಯಿಗೆ ಹೇಳ್ಕೋತೀನಿ, ಆಕಿ ತಿಳ್ಕೋತಾಳ."

ಹತ್ತಿದೆ. ಬಿಸಿಲಿಗೆ ಸೆರಗು ಮುಖದವರೆಗೆ ಹೊದ್ದುಕೊಂಡೆ — ಬಿಸಿಲಿಗೋ, ನಾಚಿಕೆಗೋ. ಸೋಲಾಪುರಕ್ಕೆ ಮೊದಲು ಒಂದು ಬೇವಿನ ಮರದ ಕೆಳಗೆ ಇಳಿದು ಅವಳಿಗಾಗಿ ಕಾದೆ. ಸಂಜೆ ಬಂದಳು. ಮುಂದಿನ ದಾರಿಯನ್ನು ಅವಳ ಹೆಗಲು ಹಿಡಿದು ಮುಗಿಸಿದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ನಡೆದು ಬಂದವರ ಕಾಲನ್ನು ಬಾಗಿಲಲ್ಲೇ ಹಿತ್ತಾಳೆಯ ತಾಟಿನಲ್ಲಿ ತೊಳೆಯುತ್ತಾರೆ. ಆ ನೀರನ್ನು ಯಾರಿಗಾಗಿ ಹರಕೆಯೋ ಅವರ ಹಣೆಗೆ ಹಚ್ಚುತ್ತಾರೆ. ಬಸ್ಸಿನಲ್ಲಿ ತಿರುಗಿ ಬಂದ ನಮಗಾಗಿ ಅತ್ತೆ ತಾಟು ಹಿಡಿದು ನಿಂತಿದ್ದರು. ಆದರೆ ಮುಖ ಬಿಗಿದಿತ್ತು. ಸೋಲಾಪುರಕ್ಕೆ ಉಳ್ಳಾಗಡ್ಡಿ ಒಯ್ದಿದ್ದ ಊರಿನವನೊಬ್ಬ ನಮಗಿಂತ ಮೊದಲೇ ಬಂದು ಹೇಳಿದ್ದ: ನಿಮ್ಮ ಸೊಸೆ ಒಬ್ಬಾಕಿ ಜೀಪಿನ್ಯಾಗ ಕುಂತಿದ್ದಳು, ಹಸರ ಇಳಕಲ್, ಮಾರಿ ಕಾಣಲಿಲ್ಲ.

"ಯಾಕಿ ಬೇ ಹತ್ತಿದಾಕಿ? ಖರೇ ಹೇಳ್ರಿ."

ಅತ್ತೆ ಕೆಳಗೆ ನೋಡಿದರು. ನನ್ನ ಕಾಲು ಬಾತು, ಚರ್ಮ ಸುಲಿದು, ಕೆಂಪಾಗಿತ್ತು. ಕಸ್ತೂರಿಯದು ದಿನಾ ಹೊಲದ ಹೆಂಟೆ ತುಳಿದ ಕಾಲು; ಅದರ ಮೇಲೆ ಧೂಳು ಬಿಟ್ಟರೆ ಗುರುತೇ ಇರಲಿಲ್ಲ.

"ಪ್ಯಾಟ್ಯಾಗ ಬೆಳದಾಕಿ ಕಾಲು ಹೆಂಗಾಗ್ಯಾವ ನೋಡ್ರಿ. ನಿನಗೇನಾಗಿತ್ತ ಧಾಡಿ? ನಿನ್ನ ಗಂಡನ ಸಲುವಾಗಿ ಹೋದಾಕಿ ನೀ!"

ಕಸ್ತೂರಿ ನನ್ನತ್ತ ತಿರುಗಿದಳು. "ಅಕ್ಕಾರನ್ನ ಕೇಳ್ರಿ," ಅಂದಳು. ಅಷ್ಟೇ.

ನಾನು ಸುಮ್ಮನೆ ಇದ್ದಿದ್ದರೂ ಇಷ್ಟು ಕೆಟ್ಟದಾಗುತ್ತಿರಲಿಲ್ಲ. ನಾನು ಮೆತ್ತಗೆ, ದೊಡ್ಡ ಮನಸ್ಸಿನವಳ ಹಾಗೆ ಹೇಳಿದೆ: "ಇರ್ಲಿ ಬಿಡ್ರಿ ಅತ್ತಿ. ಪಾಪ, ಆಕಿಗೂ ಸಾಕಾಗಿತ್ತು."

ಅತ್ತೆ ನನ್ನ ಕಾಲು ತೊಳೆದರು. ಆ ನೀರಿನಲ್ಲಿ ಬೆರಳದ್ದಿ ಒಳಗೆ ಹೋಗಿ ಮೈದುನನ ಹಣೆಗೆ ಹಚ್ಚಿದರು. ಕಸ್ತೂರಿ ಹಿತ್ತಲಿನ ನಳಕ್ಕೆ ಹೋಗಿ ತನ್ನ ಕಾಲು ತಾನೇ ತೊಳೆದುಕೊಂಡಳು.

ಚಳಿಗಾಲ ಮುಗಿಯುವ ಮೊದಲೇ ಮೈದುನ ತೀರಿಕೊಂಡ. ನೀರು ಹಚ್ಚಿದರೆ ಕಿಡ್ನಿ ಗುಣವಾಗುವುದಿಲ್ಲ, ಇಟ್ ಈಸ್ ಎ ಮೆಡಿಕಲ್ ಫ್ಯಾಕ್ಟ್ — ನಾನು ಬಹಳ ವರ್ಷ ಈ ಒಂದು ಮಾತಿನ ಮೇಲೆ ಬದುಕಿದೆ. ಆದರೆ ಆ ಮನೆಯಲ್ಲಿ ಯಾರಿಗೂ ಅದು ಫ್ಯಾಕ್ಟ್ ಆಗಿರಲಿಲ್ಲ. ಗಂಡನ ಹರಕೆ ಮುರಿದಾಕಿ ಅಂದರು. ಮಣ್ಣು ಕೊಡಲು ಬಂದವರೂ ಅಂದರು. ಅವಳು ಸಣ್ಣ ಮಗಳನ್ನು ಕರೆದುಕೊಂಡು ಕಾಖಂಡಕಿಗೆ, ತವರಿಗೆ ಹೋದಳು, ಯಾರೂ ತಡೆಯಲಿಲ್ಲ. ನಾನು ಅಲ್ಲೇ ಇದ್ದೆ, ಎಲ್ಲರಿಗೂ ಚಹಾ ಕೊಡುತ್ತಾ...

ಶಾಲೆಯಲ್ಲಿ ಕ್ರಿಶ್ಚಿಯನ್ ಹುಡುಗಿಯರು ಕನ್ಫೆಷನ್‌ಗೆ ಹೋಗಿ ಹಗುರಾಗಿ ಬರುವುದನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದೆ. ಪರದೆಯ ಹಿಂದೆ ಹೇಳಿದರೆ ಮುಗಿಯಿತು ಎಂದು. ನನ್ನದು ಅಂಥದ್ದಲ್ಲ. ಕೇಳಬೇಕಾದ ಅತ್ತೆ ಇಲ್ಲ. ಕಸ್ತೂರಿಯೂ ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ಉಳಿದವಳು ಆ ಮಗಳು, ಈಗ ಟಿಕೋಟಾದಲ್ಲಿ ಟೀಚರ್. ತನ್ನ ಅವ್ವ ಜೀಪು ಹತ್ತಿದ್ದರಿಂದ ಅಪ್ಪ ಹೋದ ಎಂದು ಕೇಳುತ್ತಲೇ ಬೆಳೆದವಳು. ಈ ವಾರ ಅವಳ ಮನೆಗೆ ಹೋಗಿ ಇದನ್ನೇ, ಇದೇ ಕ್ರಮದಲ್ಲಿ ಹೇಳುತ್ತೇನೆ. ಕ್ಷಮಿಸು ಎನ್ನುವುದಿಲ್ಲ. ಅದನ್ನು ಕೇಳುವ ಹಕ್ಕು ಅವಳ ಅವ್ವ ಇದ್ದಾಗಲೇ ಕಳೆದುಕೊಂಡೆ.

ಕಸ್ತೂರಿಯನ್ನು ಕೊನೆಯ ಸಲ ನೋಡಿದ್ದು ವಿಜಯಪುರದ ಗಾಂಧಿ ಚೌಕದಲ್ಲಿ. ಮಗಳ ಮದುವೆಗೆ ಬಳೆ ಕೊಳ್ಳಲು ಬಂದಿದ್ದಳು. ಅವಳ ಕೈಗಳು ಬರಿದಾಗಿದ್ದವು. ನನ್ನನ್ನು ಕಂಡು ತಾನೇ ಹತ್ತಿರ ಬಂದಳು.

"ಕಾಲು ಹೆಂಗದಾವ್ರಿ ಅಕ್ಕಾರ?"

ಚುಚ್ಚಿ ಕೇಳಲಿಲ್ಲ. ಒಡೆದ ಬೊಬ್ಬೆಗಳನ್ನು ತಾನೇ ನೋಡಿದವಳು, ಅದಕ್ಕೇ ಕೇಳಿದಳು. ಹೇಳಬೇಕಾದ ಮಾತು ನನ್ನ ಬಾಯಲ್ಲಿತ್ತು.

"ಛಲೋ ಅದಾವ," ಅಂದೆ.

ಹೂಂ ಎಂದು ತಲೆಯಾಡಿಸಿ, ಬಳೆಯ ಪೊಟ್ಟಣ ಎದೆಗೊತ್ತಿಕೊಂಡು, ಆಟೋಗಳ ನಡುವೆ ರಸ್ತೆ ದಾಟಿದಳು. ಅಂದೂ ಚಪ್ಪಲಿ ಇರಲಿಲ್ಲ. ನಾನು ನಿಂತಲ್ಲೇ ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಆ ಕಾಲುಂಗುರಗಳನ್ನು ಬಿಚ್ಚಿ ಬಹಳ ವರ್ಷವಾಗಿತ್ತು.