ನೂರು ಮಿಲಿಲೀಟರಿನ ಆಚೆ ಈಚೆ

ವಿಮಾನ ನಿಲ್ದಾಣದ ಭದ್ರತಾ ತಪಾಸಣೆ ಹೆಸರು ತರುವ ಕ್ಷೇತ್ರವಲ್ಲ. ಅಲ್ಲಿ ಮೂವತ್ತು ವರ್ಷ ದುಡಿದವರನ್ನು ಪ್ರಯಾಣಿಕರು ಮೂವತ್ತು ಸೆಕೆಂಡು ನೋಡುತ್ತಾರೆ, ಅದೂ ಬೆಲ್ಟು ಬಿಚ್ಚುತ್ತ, ಸಿಟ್ಟಿನಿಂದ. ಇಂಥ ಕೆಲಸದಲ್ಲಿದ್ದೂ ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳ ಮನೆಗಳಲ್ಲಿ ವಿದೇಶಕ್ಕೆ ಹೊರಟವರು ಚೀಲ ಕಟ್ಟುವ ಹೊತ್ತಿಗೆ ನೆನಪಾಗುವ ಹೆಸರೊಂದಿದ್ದರೆ ಅದು ಶ್ರೀಮತಿ ಸುಧಾರಾಣಿ ಪರಮೇಶಪ್ಪ ಕಬ್ಬಾರ ಅವರದು. ಈ ಜೂನ್ ತಿಂಗಳ ಕೊನೆಯ ದಿನ ಅವರು ಸಬ್ ಇನ್‌ಸ್ಪೆಕ್ಟರ್ ಹುದ್ದೆಯಿಂದ ನಿವೃತ್ತರಾದರು. ಅವರ ಕೈಕೆಳಗೆ ಆರು ವರ್ಷ ಕೆಲಸ ಕಲಿತ ನನ್ನನ್ನು ಈ ಅಭಿನಂದನಾ ಸಂಪುಟಕ್ಕೆ ಬರೆಯಲು ಕೇಳಿದಾಗ ಸಂತೋಷವೂ ಆಯಿತು, ಅಳುಕೂ ಆಯಿತು. ಅವರು ಇದನ್ನು ಓದುತ್ತಾರೆ. ಓದುವಾಗಲೂ ತಪಾಸಣೆಯನ್ನೇ ಮಾಡುತ್ತಾರೆ.

ಮಡಗ ಕೆರೆಯ ಪಕ್ಕದ ಮಾಸೂರಿನಲ್ಲಿ ಹುಟ್ಟಿದ ಸುಧಾರಾಣಿಯವರು ಹಿರೇಕೆರೂರಿನಲ್ಲಿ ಪಿಯುಸಿ ಮುಗಿಸಿ, ಕೆರೆಯ ಏರಿಯ ಮೇಲೆ ಓಡಿ ಓಡಿ ತಯಾರಾಗಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಭದ್ರತಾ ಪಡೆ ಸೇರಿದರು. ತಂದೆ ಪರಮೇಶಪ್ಪನವರು ಗದ್ದೆಯ ಕೆಲಸದವರು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವರನ್ನು ಎತ್ತಿ ಆಡಿಸಿ ಬೆಳೆಸಿದ್ದು ಚಿಗವ್ವ, ಅಂದರೆ ಚಿಕ್ಕಮ್ಮ, ಉಡಚವ್ವ. ಉಡಚವ್ವ ಮಾಸೂರಿನಲ್ಲಿ ಹಸುಗೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆಯುವವರು. ಆ ಊರಿನ ಅರ್ಧ ಜನ ಹುಟ್ಟಿದ ಕೆಲವೇ ದಿನಗಳಲ್ಲಿ ಅವರ ಕಾಲಮೇಲೆ ಮಲಗಿ ಅತ್ತವರೇ. ಉಕ್ಕಿನ ಕಾರ್ಖಾನೆ, ಬಂದರು ಎಂದು ಹಲವು ಕಡೆ ಕಾವಲಿದ್ದ ಸುಧಾರಾಣಿಯವರು ವಿಮಾನ ನಿಲ್ದಾಣಕ್ಕೆ ಬಂದದ್ದು ಸೇವೆಯ ಹದಿನೈದನೆಯ ವರ್ಷದಲ್ಲಿ. ಆ ಹೊತ್ತಿಗೆ ಮದುವೆಯಾಗಿ, ಮನೆ ಹಾನಗಲ್ಲಿನಲ್ಲಿ ನೆಲೆಯಾಗಿತ್ತು.

೨೦೦೬ರಲ್ಲಿ ದ್ರವದ ನಿಯಮ ಬಂತು. ಅಂತರರಾಷ್ಟ್ರೀಯ ವಿಮಾನದಲ್ಲಿ ಕೈಚೀಲದೊಳಗೆ ಒಯ್ಯುವ ಯಾವುದೇ ದ್ರವ ನೂರು ಮಿಲಿಲೀಟರಿಗಿಂತ ದೊಡ್ಡ ಬಾಟಲಿಯಲ್ಲಿರಬಾರದು. ಅಂಥ ಸಣ್ಣ ಬಾಟಲಿಗಳೆಲ್ಲ ಒಂದು ಲೀಟರಿನ ಪಾರದರ್ಶಕ ಚೀಲದೊಳಗೆ ಹಿಡಿಯಬೇಕು. ಔಷಧಕ್ಕೆ, ಜೊತೆಗಿರುವ ಕೂಸಿನ ಹಾಲಿಗೆ ವಿನಾಯಿತಿ ಉಂಟು. ಉಳಿದದ್ದು ಲಗೇಜಿನಲ್ಲಿ ಹೋಗಬೇಕು, ಇಲ್ಲವೇ ಉಳಿಯಬೇಕು. ಕಾಗದದ ಮೇಲೆ ಇಷ್ಟು ಸರಳವಾದ ಮಾತು ಸಾಲಿನಲ್ಲಿ ನಿಂತಾಗ ಸರಳವಲ್ಲ. ಯಾಕೆಂದರೆ ನಮ್ಮ ಕಡೆಯವರಿಗೆ ದ್ರವ ಎಂದರೆ ನೀರು. ತುಪ್ಪ ದ್ರವವಲ್ಲ, ಉಪ್ಪಿನಕಾಯಿ ದ್ರವವಲ್ಲ, ಹಾನಗಲ್ಲಿನ ಮಾವಿನ ತಿರುಳಂತೂ ಹಣ್ಣೇ.

ಇದಕ್ಕೆ ಇನ್ನೊಂದು ತೊಡಕು ಸೇರಿತು. ಸುಧಾರಾಣಿಯವರು ಅಲ್ಲಿದ್ದಾರೆಂಬ ಸುದ್ದಿ ಊರಿಗೆ ಹಬ್ಬಿದ್ದೇ, ‘ನಮ್ಮಾಕಿ ಅದಾಳ, ಬಿಡ್ತಾಳ’ ಎಂಬ ಧೈರ್ಯದಲ್ಲಿ ಜನ ಮೊದಲಿಗಿಂತ ಹೆಚ್ಚು ಕಟ್ಟಿಕೊಂಡು ಬರತೊಡಗಿದರು. ಅವರು ಬಿಡಲಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಮದುವೆಮನೆಗಳಲ್ಲಿ ಅವರ ಎಲೆಗೆ ತುಪ್ಪ ಬಡಿಸುವವರು, ‘ಇದನ್ನರ ಬಿಡ್ತೀರೋ, ಇದನ್ನೂ ಕಸಗೋತೀರೋ?’ ಎಂದು ಕೇಳುತ್ತಿದ್ದರಂತೆ. ಈ ಚುಚ್ಚುಮಾತಿಗೆ ಅವರು ಮಾತಿನಲ್ಲಿ ಉತ್ತರ ಕೊಡದೆ, ರಜೆಯ ದಿನಗಳನ್ನೇ ಕೊಟ್ಟರು. ಹಾನಗಲ್ಲಿನ ತಮ್ಮ ಮನೆಯ ಪಡಸಾಲೆಯಲ್ಲಿ, ಶಿಗ್ಗಾಂವದ ಕಾಲೇಜಿನಲ್ಲಿ, ಸವಣೂರಿನಲ್ಲಿ ಯಾತ್ರೆಗೆ ಹೊರಟವರು ಸೇರುವ ಶಾದಿಮಹಲಿನಲ್ಲಿ ಕುಳಿತು, ಪ್ರಯಾಣಕ್ಕೆ ವಾರ ಮೊದಲೇ ಜನರ ಚೀಲ ಬಿಚ್ಚಿಸಿ, ಯಾವುದು ಕೈಯಲ್ಲಿ, ಯಾವುದು ಲಗೇಜಿನಲ್ಲಿ ಎಂದು ವಿಂಗಡಿಸಿ ಕಟ್ಟಿಸುವ ಪದ್ಧತಿ ಹಾಕಿದರು. ಹದಿನೆಂಟು ವರ್ಷ ಅದು ತಪ್ಪಿಲ್ಲ.

ಅಂಥ ಒಂದು ದಿನ ನಾನೂ ಜೊತೆಗಿದ್ದೆ. ಹಾನಗಲ್ಲಿನ ಅಜ್ಜಪ್ಪ ಎಂಬ ಹಿರಿಯರು ದುಬೈಗೆ ಹೊರಟಿದ್ದರು. ಚಳಿಗಾಲ, ಅವರ ತುಪ್ಪದ ಡಬ್ಬಿಯಲ್ಲಿ ಚಮಚ ನೆಟ್ಟಗೆ ನಿಂತಿತ್ತು.

‘ನೋಡ್ರಿ ಮ್ಯಾಡಮ್ಮಾರ, ಕಲ್ಲ ಆಗೇತಿ. ಇದು ಹ್ಯಾಂಗ ನೀರಾಕ್ಕೇತಿ?’

‘ಬಿಸಲಿಗಿಟ್ರ ಹರೀತೈತಿಲ್ಲೋ ಅಜ್ಜಾ?’

‘ಬಿಸಲಿಗಿಟ್ರ ನಾನೂ ಕರಗತೇನ್ರಿ. ನನ್ನೂ ಲಗೇಜಿನ್ಯಾಗ ಹಾಕ್ತೀರೇನು?’

‘ನಿಮ್ಮನ್ನ ಕುರ್ಚಿಮ್ಯಾಗ ಕುಂದರಸ್ತಾರ. ತುಪ್ಪಾನ ಲಗೇಜಿನ್ಯಾಗ ಹಾಕ್ರಿ’ ಎಂದು ಅವರು ನಗದೆ ಹೇಳಿದರು. ಪಡಸಾಲೆಯೇ ನಕ್ಕಿತು. ಅಜ್ಜಪ್ಪನವರ ತುಪ್ಪ ದುಬೈ ಮುಟ್ಟಿತು.

ಇಷ್ಟನ್ನು ಹೇಳಿ ಅಭಿನಂದನೆ ಮುಗಿಸಬಹುದಿತ್ತು. ಆದರೆ ನಾನು ಅವರಿಂದ ನಿಜವಾಗಿ ಕಲಿತದ್ದು ಎರಡು ವರ್ಷದ ಹಿಂದೆ, ಫೆಬ್ರುವರಿಯ ಒಂದು ಬೆಳಗ್ಗೆ. ಅವರ ಅನುಮತಿ ಪಡೆದೇ ಅದನ್ನು ಬರೆಯುತ್ತಿದ್ದೇನೆ.

ಮಸ್ಕತ್ತಿನಲ್ಲಿ ನರ್ಸ್ ಆಗಿರುವ, ಉಡಚವ್ವನಿಗೆ ತಡವಾಗಿ ಹುಟ್ಟಿದ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸು ಮರುದಿನ ಮನೆಗೆ ಬರುವುದಿತ್ತು. ಊರ ಕೂಸುಗಳಿಗೆಲ್ಲ ಎರೆದ ಕೈ ತನ್ನ ಮೊದಲ ಮೊಮ್ಮಗುವಿಗೆ ಎರೆಯಲು ಮೊದಲ ಸಲ ವಿಮಾನ ಹತ್ತಲಿತ್ತು. ಅದಕ್ಕಾಗಿ ಉಡಚವ್ವ ಎರಡು ದಿನ ಸೊಪ್ಪು, ಬೇರು ಹಾಕಿ ಎಣ್ಣೆ ಕಾಸಿದ್ದರು. ಅವರ ಮನೆತನದಲ್ಲಿ ಒಂದು ಕಟ್ಟಳೆ: ಮೊದಲ ಎಣ್ಣೆ ಕೂಸಿನ ಮೈ ಮುಟ್ಟುವ ತನಕ ನೆಲ ಮುಟ್ಟಬಾರದು. ಎಸೆದಾಡುವ ಲಗೇಜಿನಲ್ಲಿ ಹಾಕುವ ಮಾತೇ ಇರಲಿಲ್ಲ. ಸುಧಾರಾಣಿಯವರಿಗೆ ಫೋನು ಮಾಡಿ ಕೇಳಿದರು. ಡ್ಯೂಟಿಗೆ ಹೊರಟಿದ್ದ ಅವರು, ‘ಕೈಚೀಲದಾಗ ನೂರು ಮಿಲಿ ನಡೀತೈತಿ ಚಿಗವ್ವ, ಅದಕ್ಕಿಂತ ಹೆಚ್ಚು ತರಬ್ಯಾಡ’ ಎಂದು ಇಟ್ಟುಬಿಟ್ಟರು.

ಉಡಚವ್ವ ಕೆಮ್ಮಿನ ಔಷಧದ ಮುಚ್ಚಳದಿಂದ ಹತ್ತು ಮಿಲಿಯಂತೆ ಹತ್ತು ಸಲ ಅಳೆದರು. ಸರಿಯಾಗಿ ನೂರು. ತುಳುಕಬಾರದೆಂದು ಅದನ್ನು ಅರ್ಧ ಲೀಟರಿನ ಬಾಟಲಿಗೆ ಹುಯ್ದು, ಮಡಿಲಲ್ಲಿಟ್ಟುಕೊಂಡು ಬಂದರು.

ಎಕ್ಸ್‌ರೇ ಪರದೆಯ ಮುಂದೆ ನಾನಿದ್ದೆ. ಮಹಿಳೆಯರ ತಪಾಸಣೆಯಲ್ಲಿ ಸುಧಾರಾಣಿಯವರು. ಬಾಟಲಿಯ ತಳದಲ್ಲಷ್ಟೇ ಎಣ್ಣೆ ಇತ್ತು. ಆದರೆ ನಿಯಮ ನೋಡುವುದು ಬಾಟಲಿಯ ಅಳತೆಯನ್ನು, ಒಳಗಿನ ಎಣ್ಣೆಯನ್ನಲ್ಲ. ಸುಧಾರಾಣಿಯವರು ಒಮ್ಮೆ ಬಾಟಲಿ ನೋಡಿದರು, ಒಮ್ಮೆ ಚಿಗವ್ವನನ್ನು. ಏನಾಗಿದೆಯೆಂದು ಅವರಿಗೆ ಗೊತ್ತಾಯಿತು.

‘ವಾಣಿಶ್ರೀ, ಇವರು ನಮ್ಮ ಸಂಬಂಧಿಕರು. ಈ ಚೀಲ ನಾನು ನೋಡುವಂತಿಲ್ಲ. ನೀವು ನಿರ್ಧರಿಸಬೇಕು’ ಎಂದು ನನಗೆ ಹೇಳಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಚಿಗವ್ವನ ಕಡೆ ತಿರುಗಿ, ‘ಸ್ವಲ್ಪ ಬಾಜೂಕ ನಿಂದರ್ರಿ’ ಎಂದರು.

ಉಡಚವ್ವನಿಗೆ ಬಾಟಲಿಗಿಂತ, ಪರಕೀಯರಿಗೆ ಹೇಳುವಂಥ ಈ ಬಹುವಚನವೇ ಹೆಚ್ಚು ನೋವು ಕೊಟ್ಟಿತು. ‘ನನಗ ನಿಂದರ್ರಿ ಅಂತಿ? ನಿನ್ನ ಕುಂಡಿ ತೊಳದಾಕಿಗೆ?’

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸುಧಾರಾಣಿಯವರ ಮುಖ ಕೆಂಪಾಯಿತು. ನಾನು ಅವರ ಕಡೆ ನೋಡಿದೆ. ಒಂದು ಸಣ್ಣ ಸನ್ನೆ ಸಿಕ್ಕಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ. ನೂರೇ ಮಿಲಿ ಎಣ್ಣೆ, ಮುದುಕಿ, ಕೂಸು. ಅವರು ಸನ್ನೆ ಮಾಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ‘ಈ ಬಾಟಲಿ ಹೋಗುವುದಿಲ್ಲ’ ಎಂದು ನಾನೇ ಹೇಳಬೇಕಾಯಿತು.

‘ನೀನ ಹೇಳಿದ್ದಿಯಲ್ಲ, ನೂರು ನಡೀತೈತಂತ? ಅಳದ ತಂದೇನಿ!’

‘ಹೌದು ಚಿಗವ್ವ’ ಎಂದರು ಸುಧಾರಾಣಿಯವರು, ಸಾಲಿಗೆಲ್ಲ ಕೇಳುವಂತೆ. ‘ತಪ್ಪು ನಂದು. ಬಾಟ್ಲಿನೂ ನೂರರ ಒಳಗಿರಬೇಕಂತ ನಾ ಹೇಳಲೇ ಇಲ್ಲ.’

‘ತಪ್ಪು ನಿಂದಾದ್ರ ಬಿಡು ಮತ್ತ.’

‘ನಾ ತಪ್ಪು ಮಾಡಿದ್ದಕ್ಕ ಇವರು ಇನ್ನೊಂದು ಮಾಡಬಾರದು.’

ಉಡಚವ್ವ ಬಾಟಲಿಯನ್ನು ಎದೆಗವಚಿಕೊಂಡು ನಿಂತರು. ಕೆಳಗಿಡಲೂ ಇಲ್ಲ, ಕೊಡಲೂ ಇಲ್ಲ. ಗೇಟು ಮುಚ್ಚಲು ನಲವತ್ತು ನಿಮಿಷವಿತ್ತು. ಕಣ್ಣಲ್ಲಿ ನೀರು ಬಂದರೂ ದನಿ ಇಳಿಯಲಿಲ್ಲ: ‘ಬರೀಗೈಲೇ ಹೋಗಿ ಕೂಸಿಗೇನ ಹಚ್ಚಲಿ?’

ಸುಧಾರಾಣಿಯವರು ಆಗ ಮಾಡಿದ್ದು ಇಷ್ಟು. ಸಾಲಿನತ್ತ ತಿರುಗಿ ಕೈಮುಗಿದರು. ‘ಯಾರ ಹತ್ತಿರ ಆದ್ರೂ ನೂರು ಮಿಲಿದು ಖಾಲಿ ಬಾಟ್ಲಿ ಐತೇನ್ರಿ? ಅದರಾಗ ಹಾಕಿದ್ರ ಹೋಗಾಕ ಬರತೈತಿ.’ ಸಮವಸ್ತ್ರದಲ್ಲಿದ್ದವರೊಬ್ಬರು ಹಾಗೆ ಬೇಡುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಗಂಡಸರ ಸಾಲಿನಿಂದ ಬಿಳಿ ಗಡ್ಡದ ಒಬ್ಬರು ಮುಂದೆ ಬಂದರು. ಸವಣೂರಿನ ಶೇಖಸಾಬ, ಮಸ್ಕತ್ತಿನ ಮಾರ್ಗವಾಗಿ ಮೆಕ್ಕಾಕ್ಕೆ, ಉಮ್ರಾ ಯಾತ್ರೆಗೆ ಹೊರಟಿದ್ದರು. ಶಾದಿಮಹಲಿನಲ್ಲಿ ಸುಧಾರಾಣಿಯವರೇ ಕಟ್ಟಿಸಿದ್ದ ಪಾರದರ್ಶಕ ಚೀಲದಿಂದ ತಲೆಗೆ ಹಚ್ಚುವ ಎಣ್ಣೆಯ ಸಣ್ಣ ಬಾಟಲಿ ತೆಗೆದರು. ‘ಖಾಲಿ ಇಲ್ರಿ ಬಾಯಾರ, ಆದ್ರ ಖಾಲಿ ಮಾಡೂದೇನ ಕಠಿಣ?’ ಎಂದು ಅಂಗೈಗೆ ಸುರಿದು ಗಡ್ಡಕ್ಕೆ, ತಲೆಗೆ ಮೆತ್ತಿಕೊಂಡರು. ಉಳಿದದ್ದನ್ನು ಹಿಂದಿದ್ದ ಇಬ್ಬರ ಅಂಗೈಗೂ ಹಂಚಿದರು. ‘ಹಚ್ಕೋರಿ, ಹಚ್ಕೋರಿ, ಪುಕ್ಕಟ ಐತಿ.’

ಉಡಚವ್ವ ಮೂಗು ಮುರಿದರು. ‘ನೀರಿಲೆ ತೊಳೀಬ್ಯಾಡ್ರಿ ಮತ್ತ. ನೀರು ಕೂಡಿದ್ರ ಎಣ್ಣಿ ಕೆಡತೈತಿ.’

‘ನನ್ನ ದಸ್ತಿ ಸ್ವಚ್ಛ ಐತಿ ಅಕ್ಕಾರ’ ಎಂದು ಅವರು ಕರವಸ್ತ್ರದ ತುದಿ ಹೊಸೆದು ಬಾಟಲಿಯೊಳಗೆ ತಿರುವಿ ಒರೆಸಿದರು. ನೆಲ ಮುಟ್ಟಬಾರದೆಂದು ಕೇಳಿದ ಮೇಲೆ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತರು. ಉಡಚವ್ವ ಸಣ್ಣ ಧಾರೆ ಮಾಡಿ ಹುಯ್ದರು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಅದನ್ನು ಪಾರದರ್ಶಕ ಚೀಲದಲ್ಲಿಟ್ಟು, ಇಡೀ ಕೈಚೀಲವನ್ನು ಮತ್ತೆ ಯಂತ್ರದೊಳಗೆ ಹಾಯಿಸಿ, ಚೀಲದ ಚೀಟಿಗೆ ನಾನು ಮುದ್ರೆ ಹಾಕಿದೆ. ಉಡಚವ್ವ ಸುಧಾರಾಣಿಯವರ ಮುಖ ನೋಡದೆ ಹೋದರು.

ಆ ದಿನ ಪಾಳಿ ಮುಗಿದ ಮೇಲೆ ಸುಧಾರಾಣಿಯವರು ಊಟ ಮಾಡಲಿಲ್ಲ. ‘ನಾನು ಬಿಟ್ಟಿದ್ದರೆ ನೀವು ಏನು ಮಾಡುತ್ತಿದ್ದಿರಿ?’ ಎಂದು ಕೇಳಿದೆ. ‘ನಿಮ್ಮ ಹೆಸರು ಬರೆದು ವರದಿ ಮಾಡುತ್ತಿದ್ದೆ. ಕೆಳಗೆ ನನ್ನ ಹೆಸರನ್ನೂ ಬರೆಯುತ್ತಿದ್ದೆ’ ಎಂದರು. ಬೆದರಿಕೆಯಂತೆ ಹೇಳಲಿಲ್ಲ, ಬಸ್ಸು ಎಷ್ಟು ಗಂಟೆಗೆ ಎಂದು ತಿಳಿಸುವಂತೆ ಹೇಳಿದರು.

ಮರುದಿನ ಮಧ್ಯಾಹ್ನ ಮಸ್ಕತ್ತಿನಿಂದ ಫೋನು ಬಂತು. ಅವರು ಸ್ಪೀಕರ್ ಹಾಕಿದ್ದರಿಂದ ನಮಗೆಲ್ಲ ಕೇಳಿಸಿತು.

‘ಎರದೆ. ಗಪ್ಪನ ನಿದ್ದಿ ಹೊಡದೈತಿ ಕೂಸು.’

‘ಸಿಟ್ಟು ಹೋತೇನ ಚಿಗವ್ವ?’

‘ಎಲ್ಲಿ ಹೋಗೂದು? ಮನಿತುಂಬ ಆ ಸಾಬರ ಗಡ್ಡದ ವಾಸನಿ ಹಿಡದೈತಿ. ಅಳಿಯ ಯಾವ ಸೆಂಟು ಅಂತ ಕೇಳಾಕತ್ತಾನ.’ ಆಮೇಲೆ, ‘ನೀ ಉಂಡೀಯಿಲ್ಲೋ?’ ಎಂದರು. ಸುಧಾರಾಣಿಯವರು ಎದ್ದು ಡಬ್ಬಿ ಬಿಚ್ಚಿದರು.

ಅಂದಿನಿಂದ ಅವರು ಎಲ್ಲ ಊರುಗಳಲ್ಲೂ ಮಾತು ಆರಂಭಿಸುವುದು ಈ ತಮ್ಮ ತಪ್ಪಿನಿಂದಲೇ. ಬೇರೆಯವರ ತುಪ್ಪ, ತಿರುಳುಗಳ ಕಥೆ ಆಮೇಲೆ. ಮೂವತ್ತೆಂಟು ವರ್ಷದ ಸೇವೆಯಲ್ಲಿ ಅವರಿಗೆ ಬಂದ ಪ್ರಶಂಸಾಪತ್ರಗಳನ್ನು ಇದೇ ಸಂಪುಟದಲ್ಲಿ ಬೇರೆಯವರು ವಿವರಿಸಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ಅವರು ಬಾಡಿಗೆ ಮನೆ ಹುಡುಕಿಕೊಟ್ಟದ್ದು, ನನಗೆ ಜ್ವರ ಬಂದ ವಾರ ಎರಡು ಪಾಳಿ ನಿಂತದ್ದು ಯಾವ ಪತ್ರದಲ್ಲೂ ಇಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.

ಸುಧಾರಾಣಿ ಮೇಡಂ ಈಗ ಹಾನಗಲ್ಲಿನ ಮನೆಯಲ್ಲಿದ್ದಾರೆ. ರಜೆ ಹಾಕದೆಯೇ ಜನರ ಚೀಲ ಬಿಚ್ಚಿಸಬಹುದೆಂಬ ಖುಷಿ ಅವರಿಗೆ. ನಿಂತ ವರ್ಷಗಳ ನೋವು ಅವರ ಕಾಲುಗಳಿಂದ ಇಳಿಯಲಿ. ನೂರು ದಾಟಬಾರದೆಂಬ ನಿಯಮವನ್ನು ಬಾಟಲಿಗೆ ಬಿಟ್ಟು, ವಯಸ್ಸಿನಲ್ಲಿ ಅವರು ಅದನ್ನು ಧಾರಾಳವಾಗಿ ಮುರಿಯಲಿ. ನಾಲ್ಕು ತಾಲೂಕಿನ ಜನ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡುತ್ತಲೇ ಇರಲಿ. ಪ್ರತಿಯೊಬ್ಬರಿಗೂ, ತಾವು ಎಲ್ಲಿಗೇ ಹೊರಟಿದ್ದರೂ ಚಪ್ಪಲಿ ಬಿಟ್ಟು ಕುಳಿತು, ಕೇಳಿದ್ದಕ್ಕೆ ಪೂರ್ತಿ ಉತ್ತರ ಹೇಳುವಷ್ಟು ಬಿಡುವು ಅವರಿಗೆ ದೊರೆಯಲಿ.