ಹೆಬ್ಬೆರಳಿಗೆ ಕಂಡ ಕಡಲಕುದುರೆ

ನನ್ನ ಮನೆಯಲ್ಲಿ ಹತ್ತಾರು ದೇಶಗಳ ದುಡ್ಡಿದೆ. ಹೀಗೆಂದ ತಕ್ಷಣ ನೀವು ನನ್ನನ್ನು ಬೇರೆಯೇ ಕಣ್ಣಿನಿಂದ ನೋಡುವ ಅಪಾಯವಿರುವುದರಿಂದ ಕೂಡಲೇ ಸೇರಿಸಿಬಿಡುತ್ತೇನೆ: ಅಷ್ಟನ್ನೂ ಚೀಲಕ್ಕೆ ತುಂಬಿಕೊಂಡು ಹೋದರೂ ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಯಾರೂ ಅರ್ಧ ಕಪ್ ಚಹಾ ಕೊಡುವುದಿಲ್ಲ. ನನ್ನ ಹೆಂಡತಿ ಸುವರ್ಣಾ ಇದಕ್ಕೆ ‘ನಡೀಲಾರದ ರೊಕ್ಕ’ ಎಂದು ಹೆಸರಿಟ್ಟಿದ್ದಾಳೆ. ಮನೆಗೆ ಬಂದವರಿಗೆಲ್ಲ, “ನಮ್ಮವ್ರು ಭಾಳ ಗಳಿಸ್ಯಾರ್ರಿ, ಆದ್ರ ಎಲ್ಲಾ ನಡೀಲಾರದ್ದು” ಎಂದು ಪರಿಚಯ ಮಾಡಿಕೊಡುತ್ತಾಳೆ.

ನಾನು ಇಳಕಲ್ಲಿನಲ್ಲಿ ಚಷ್ಮಾ ಅಂಗಡಿ ಇಟ್ಟವನು. ನಮ್ಮೂರಿನ ಕೆಂಪು ಗ್ರಾನೈಟು ಕಡಲು ದಾಟಿ ಹೋಗುತ್ತದೆ. ಅದರ ಬೆನ್ನು ಹತ್ತಿ ನಮ್ಮ ಜನವೂ ಆಗೀಗ ಹೋಗಿ ಬರುತ್ತಾರೆ. ಹಾಗೆ ಜಪಾನಿಗೆ ಹೋಗಿಬಂದ ಗಿರಾಕಿಯೊಬ್ಬರು ಒಮ್ಮೆ ಚಷ್ಮಾದ ಫ್ರೇಮು ಬದಲಿಸಲು ಬಂದಾಗ, ಕರವಸ್ತ್ರದ ಜೊತೆ ಜೇಬಿನಿಂದ ಒಂದು ತೂತಿನ ನಾಣ್ಯ ಟೇಬಲ್ಲಿನ ಮೇಲೆ ಬಿತ್ತು. “ಇರಲಿ ಬಿಡ್ರಿ, ಇಲ್ಲಿ ಏನ್ ಮಾಡೂದೈತಿ ಅದರಿಂದ” ಎಂದು ಅವರು ಬಿಟ್ಟುಹೋದರು. ಮಸೂರದ ಗೀರು ಹುಡುಕಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ನಾನು ಸುಮ್ಮನೆ ಅದರ ಮೇಲೆ ಹಿಡಿದೆ. ಭತ್ತದ ತೆನೆಯೊಂದು ಕಾಳಿನ ಭಾರಕ್ಕೆ ಬಾಗಿತ್ತು. ಕೆಳಗೆ ಅಡ್ಡಗೆರೆಗಳಲ್ಲಿ ನೀರು. ನಡುವಿನ ತೂತಿನ ಸುತ್ತ ಯಂತ್ರದ ಹಲ್ಲುಗಾಲಿ. ಒಂದು ದೇಶದ ಹೊಲ, ಕೆರೆ, ಕಾರ್ಖಾನೆ ಮೂರೂ ಒಂದು ಅಂಗಿಯ ಗುಂಡಿಯಷ್ಟು ಹಿತ್ತಾಳೆಯಲ್ಲಿ! ಅದನ್ನು ಕೊರೆದ ಪುಣ್ಯಾತ್ಮ ಉಸಿರು ಬಿಗಿಹಿಡಿದೇ ಕೊರೆದಿರಬೇಕು. ನೋಡಿದ ನನಗೂ ಉಸಿರಾಡುವುದು ಮರೆತಿತ್ತು. ಹುನಗುಂದದಿಂದ ಬಂದ ಹಿರಿಯರೊಬ್ಬರು ಎದುರಿಗೆ ಕೂತು, “ಏನ್ರೀ, ನನ್ನ ಕಣ್ಣ ತಪಾಸ್ ಮಾಡ್ತೀರೋ, ನಿಮ್ಮದಽ ಮಾಡ್ಕೋತೀರೋ?” ಎಂದ ಮೇಲೆಯೇ ನಾನು ಈ ಲೋಕಕ್ಕೆ ಬಂದದ್ದು.

ಅಂದು ಹಿಡಿದ ಹುಚ್ಚು ಬಿಡಲಿಲ್ಲ. ನಾಣ್ಯ ಕೂಡಿಸುವವರಲ್ಲಿ ನೂರು ಜಾತಿ. ಕೆಲವರಿಗೆ ಇಸವಿ ಬೇಕು, ಕೆಲವರಿಗೆ ಬೆಳ್ಳಿ ಬೇಕು, ಕೆಲವರಿಗೆ ಟಂಕಸಾಲೆಯ ತಪ್ಪು ಬೇಕು. ನನಗೆ ಬೇಕಾದದ್ದು ಚಿತ್ರ ಮಾತ್ರ. ನಾರ್ವೆಯವರು ಒಂದು ಕಾಲಕ್ಕೆ ತಮ್ಮ ಚಿಲ್ಲರೆಯ ಮೇಲೆ ಜೇನುಹುಳವನ್ನೂ ಅಳಿಲನ್ನೂ ಕೂರಿಸಿದ್ದರು. ಅರಬರ ನಾಡಿನ ದಿರ್ಹಮ್ಮಿನ ಮೇಲೆ ಕೊಕ್ಕರೆಯ ಕೊಕ್ಕಿನಂಥ ಬಾಯಿಯ ಕಾಫಿ ಹೂಜಿ; ನೋಡಿದರೆ ಮನೆಗೆ ಕರೆದು ಕೂರಿಸಿದಂತಾಗುತ್ತದೆ. ಐರ್ಲೆಂಡಿನವರು ಸ್ವತಂತ್ರರಾದ ಹೊಸತರಲ್ಲಿ ರಾಜನ ಮುಖವನ್ನು ತೆಗೆದು ಕೋಳಿ, ಎತ್ತು, ಕುದುರೆ, ಮೀನುಗಳನ್ನು ತಂದರು. ಚಿತ್ರ ಆರಿಸುವ ಮಂಡಳಿಗೆ ಒಬ್ಬ ಕವಿಯೇ ಹಿರಿಯನಾಗಿದ್ದನಂತೆ. ಕವಿಯ ಕೈಗೆ ಖಜಾನೆ ಕೊಡಬಾರದು ನಿಜ, ಆದರೆ ನಾಣ್ಯದ ಚಿತ್ರವನ್ನು ಕೊಡಬಹುದು. ನಾವೂ ಕಡಿಮೆಯವರಲ್ಲ. ಬಾದಾಮಿಯ ಚಾಲುಕ್ಯರ ಲಾಂಛನ ವರಾಹ. ಆ ಹಂದಿರಾಯ ಗುಹೆಯ ಗೋಡೆಯಿಂದ ನಾಣ್ಯಕ್ಕೆ ಇಳಿದು, ನಾಣ್ಯದಿಂದ ನಾಲಿಗೆಗೆ ಏರಿ, ಹಳಬರ ಬಾಯಲ್ಲಿ ಹೊನ್ನಿಗೇ ‘ವರಹ’ ಎಂಬ ಹೆಸರು ನಿಂತುಬಿಟ್ಟಿತು.

ಈ ಹುಚ್ಚಿಗೆ ಒಂದು ಶಿಸ್ತು ಕಲಿಸಿದವರು ಬಾಗಲಕೋಟೆಯ ಕುಲಕರ್ಣಿ ಸರ್. ನಿವೃತ್ತ ಭೂಗೋಳದ ಮಾಸ್ತರರು; ನಾಣ್ಯದಲ್ಲಿ ನನಗೆ ಗುರುಗಳು. ಅವರ ಮೊದಲ ಪಾಠವೇ ಮುಟ್ಟಬಾರದೆಂಬುದು. “ಅಂಚು ಹಿಡೀಬೇಕ್ರಿ, ಅಂಚು. ಬೆರಳಿನ ಬೆವರು ಹತ್ತಿತಂದ್ರ ಹೊಳಪು ಹೋತು, ಹೊಳಪು ಹೋತಂದ್ರ ಕಿಮ್ಮತ್ತ ಹೋತು.” ಅವರು ನಾಣ್ಯ ಎತ್ತುವುದನ್ನು ನೋಡಬೇಕು. ಎಳೆಗೂಸಿನ ಕಿವಿ ಹಿಡಿದಂತೆ ಹಿಡಿಯುತ್ತಾರೆ. ನಾನೂ ಹಾಗೇ ಕಲಿತೆ. ಒಂದೊಂದನ್ನೂ ಪ್ಲಾಸ್ಟಿಕ್ ಕಿಸೆಗಳ ಆಲ್ಬಮ್ಮಿನಲ್ಲಿಟ್ಟು, ಸುವರ್ಣಾಳಿಗೂ ದೂರದಿಂದಲೇ ದರ್ಶನ ಕೊಡಿಸುತ್ತಿದ್ದೆ. “ದೇವಸ್ಥಾನದಾಗಽ ಇಷ್ಟ ಮಡಿ ಇಲ್ಲ” ಎನ್ನುತ್ತಿದ್ದಳು.

ಇನ್ನು ನಮ್ಮ ಗಂಗತ್ತೆಯ ವಿಷಯ ಹೇಳಬೇಕು. ಅವಳು ನಮ್ಮ ತಂದೆಯ ತಂಗಿ. ಬಾದಾಮಿಯಲ್ಲಿ ಮಗ, ಸೊಸೆಯ ಜೊತೆ ಇರುತ್ತಾಳೆ. ನಮ್ಮ ಬಳಗದಲ್ಲಿ ಯಾವ ಮದುವೆಯಾದರೂ ಸೀರೆ ಆರಿಸಲು ಇಳಕಲ್ಲಿಗೆ ಬರುವವಳು ಅವಳೇ. ಅಂಗಡಿಯ ದೀಪದ ಬೆಳಕನ್ನು ಅವಳು ನಂಬುತ್ತಿರಲಿಲ್ಲ. ಸೀರೆಯನ್ನು ರಸ್ತೆಗೆ ತಂದು ಬಿಸಿಲಿಗೆ ಹಿಡಿದು, ಸೆರಗಿನ ಕೆಂಪಿನಲ್ಲಿ ಎಷ್ಟು ಕಪ್ಪು ಸೇರಿದೆ, ಅಂಚಿನ ಹಳದಿ ಎಷ್ಟು ಹಸಿಯಾಗಿದೆ ಎಂದು ನೋಡಿ ತೀರ್ಪು ಕೊಡುತ್ತಿದ್ದಳು. ಅವಳು ಬಂದಳೆಂದರೆ ಅಂಗಡಿಯವರು ಎರಡನೇ ದರ್ಜೆಯ ಗಂಟನ್ನು ಬಿಚ್ಚುತ್ತಲೇ ಇರಲಿಲ್ಲ.

ಅಂಥವಳ ಕಣ್ಣು ಹೋಯಿತು. ಗ್ಲಾಕೋಮಾ. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಬೇಲಿಯನ್ನು ದಿನಕ್ಕಿಷ್ಟು ಒಳಗೆ ಸರಿಸುವ ಪಕ್ಕದ ಹೊಲದವನಂತೆ ಅದು ಸುತ್ತಲಿಂದ ನೋಟವನ್ನು ಒತ್ತುತ್ತ ಬಂದಿತ್ತು. ಗೊತ್ತಾದಾಗ ತಡವಾಗಿತ್ತು. ದೊಡ್ಡ ಡಾಕ್ಟರು, “ನರ ಒಣಗ್ಯಾವ, ಇನ್ನ ಚಷ್ಮಾದಿಂದ ಏನೂ ಆಗೂದಿಲ್ಲ” ಎಂದರು. ಅಂಗಡಿಯ ಗೋಡೆಯ ತುಂಬ ಚಷ್ಮಾ ತೂಗುಹಾಕಿಕೊಂಡ ನನಗೆ ಆ ಮಾತು ಹೇಗೆ ತಾಗಿತೆಂದು ಹೇಳಲಾರೆ. ಅತ್ತೆ ಅಳಲಿಲ್ಲ. “ಹೋಗ್ಲಿ ಬಿಡು, ನನ್ನ ಪಾಲಿನ ಬಣ್ಣ ಮುಗದ್ವು” ಎಂದಳು. ಆಮೇಲೆ ಅವಳು ಮಾತನ್ನೇ ಮುಗಿಸಿದಳು. ಪಡಸಾಲೆಯ ಕಂಬಕ್ಕೆ ಒರಗಿ ಕೂತವಳು ಕೂತೇ ಇರುತ್ತಿದ್ದಳು. ಯಾರು ಬಂದರೂ ‘ಹೂಂ’, ಯಾರು ಹೋದರೂ ‘ಹೂಂ’. ಸೊಸೆ ನನಗೆ ಫೋನು ಮಾಡಿ, “ಮಾಮಾ, ಅತ್ತಿ ಅರ್ಧ ರೊಟ್ಟಿನೂ ತಿನ್ನವಲ್ರು. ಬಂದರ ಹೋಗ್ರಿ” ಎಂದಳು. ಅವಳ ದನಿಯಲ್ಲಿ ಅಂಜಿಕೆಯಿತ್ತು.

ಮಾರನೆಯ ದಿನವೇ ನಾನು ಹೊರಟು, ದಾರಿಯಲ್ಲಿ ಬಾಗಲಕೋಟೆಗೆ ಇಳಿದು, ಕುಲಕರ್ಣಿ ಸರ್‌ಗೆ ಆಲ್ಬಮ್ಮಿನ ಹೊಸ ನಾಣ್ಯಗಳನ್ನು ತೋರಿಸಿ, ಅಲ್ಲಿಂದ ಬಾದಾಮಿಯ ಬಸ್ಸು ಹಿಡಿದೆ. ಅತ್ತೆಯ ಪಕ್ಕದಲ್ಲಿ ಕೂತೆ. ಮಳೆ, ಬೆಳೆ, ನೆಂಟರು ಎಲ್ಲವನ್ನೂ ಎತ್ತಿದೆ. ಎಲ್ಲದಕ್ಕೂ ‘ಹೂಂ’. ಕಡೆಗೆ ಮಾತು ತೀರಿ, ಕೈಗೆ ಏನಾದರೂ ಕೆಲಸ ಬೇಕೆಂದು ಚೀಲದಿಂದ ಆಲ್ಬಮ್ ತೆಗೆದೆ. ಪ್ಲಾಸ್ಟಿಕ್ಕಿನ ಸಪ್ಪಳಕ್ಕೆ ಅವಳ ಮುಖ ಈ ಕಡೆ ತಿರುಗಿತು.

“ಏನೋ ಅದು?”

“ನಾಣ್ಯ ಅತ್ತಿ. ಬ್ಯಾರೆ ದೇಶದ್ದು.”

“ಆ ನಿನ್ನ ನಡೀಲಾರದ ರೊಕ್ಕೇನು? ಕೊಡು ಇಲ್ಲಿ.”

ಅವಳು ಚಾಚಿದ ಕೈ ತೆರೆದೇ ಇತ್ತು. ನನ್ನಲ್ಲಿ ಆಗ ಆದ ಯುದ್ಧ ಸಣ್ಣದೇನಲ್ಲ. ಒಂದು ಕಡೆ ಕುಲಕರ್ಣಿ ಸರ್, ಇನ್ನೊಂದು ಕಡೆ ಎಷ್ಟೋ ವಾರಗಳ ಮೇಲೆ ಮೊದಲ ಸಲ ಏನನ್ನಾದರೂ ಬೇಕೆಂದು ಕೇಳಿದ ಅತ್ತೆ. ಐರ್ಲೆಂಡಿನ ದೊಡ್ಡ ಕಂಚಿನ ಪೆನ್ನಿಯನ್ನು ಕಿಸೆಯಿಂದ ಬಿಡಿಸಿ ಅವಳ ಅಂಗೈಯಲ್ಲಿಟ್ಟೆ. ‘ಅಂಚು ಹಿಡಿ’ ಎನ್ನಲು ಬಾಯಿ ತೆರೆದೆ. ಅವಳ ಹೆಬ್ಬೆರಳು ಆಗಲೇ ನಾಣ್ಯದ ನಟ್ಟನಡುವೆ ಹೋಗಿ ಕೂತಿತ್ತು.

ಅದು ಒಂದು ಸುತ್ತು ತಿರುಗಿತು. ನಿಂತಿತು. ಮತ್ತೆ ಹಿಂದೆ ಹೋಯಿತು. ನಿಧಾನವಾಗಿ ಅವಳ ಹುಬ್ಬುಗಳು ಮೇಲಕ್ಕೆದ್ದವು.

“ಕೊಕ್ಕ ಐತಿ... ಪುಚ್ಚ ಐತಿ... ಕಾಲಾಗ ಮರಿ ಅದಾವ. ಎಲಾ ಇವನ, ಕೋಳಿ! ಕೊಳ್ಳಾಗ ಲಿಂಗ ಕಟ್ಟಿದಾಕಿ ಕೈಯಾಗ ಕೋಳಿ ಕೊಟ್ಟೀಯಲ್ಲೋ!”

ಒಳಗಿನಿಂದ ಸೊಸೆ ಗಾಬರಿಯಾಗಿ ಓಡಿಬಂದಳು. ಮನೆಯಲ್ಲಿ ನಿಜವಾಗಿಯೇ ಕೋಳಿ ಹೊಕ್ಕಿತೆಂದು ತಿಳಿದಿದ್ದಳು. ಬಂದು ನೋಡಿದರೆ ಅತ್ತೆ ನಗುತ್ತಿದ್ದಾಳೆ. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತಳು.

ಆಮೇಲೆ ತಡೆಯುವವರು ಯಾರು? ಒಂದೊಂದಾಗಿ ಎಲ್ಲ ನಾಣ್ಯವೂ ಕಿಸೆ ಬಿಟ್ಟು ಬಂತು. ಭತ್ತದ ತೆನೆ ಸಿಕ್ಕಾಗ ಮುಖ ಅರಳಿತು. ಎತ್ತು ಸಿಕ್ಕಾಗ, “ಇದು ನಮ್ಮ ಕಡೀದಲ್ಲ, ಬೆನ್ನ ಮ್ಯಾಲ ಡುಬ್ಬಽ ಇಲ್ಲ” ಎಂಬ ಆಕ್ಷೇಪಣೆ ಬಂತು. ರಾಜ ಮಹಾರಾಜರ ಮುಖಗಳು ಬಂದಾಗಲಂತೂ, “ಯಾವನೋ ಗಂಡಸು. ಮುಂದಿಂದು ಕೊಡು” ಎಂದು ಒಂದೇ ಏಟಿಗೆ ಸಾಮ್ರಾಜ್ಯಗಳನ್ನು ಬದಿಗಿಟ್ಟಳು. ಇತ್ತೀಚಿನ ತೆಳು ನಾಣ್ಯಗಳು ಅವಳ ಬೆರಳಿಗೆ ಏನೂ ಹೇಳಲಿಲ್ಲ. ಹಳೆಯವು ಮಾತ್ರ ಬಾಯಿ ಬಿಟ್ಟವು. ಅವನ್ನು ಕೊರೆದವರು ಉಬ್ಬನ್ನೂ ತಗ್ಗನ್ನೂ ಧಾರಾಳವಾಗಿ ಕೊಟ್ಟಿದ್ದರು.

ಹೀಗೆ ಸಿಂಗಾಪುರದ ಒಂದು ಹಳೆಯ ನಾಣ್ಯ ಅವಳ ಕೈಗೆ ಹೋಯಿತು. ಅಲ್ಲಿ ಬೆರಳು ಬಹಳ ಹೊತ್ತು ತಡವರಿಸಿತು.

“ಮಾರಿ ಕುದುರಿದು. ಆದ್ರ ಕಾಲಿಲ್ಲ. ಎದಿ ಮ್ಯಾಲ ಗೆರಿ ಗೆರಿ. ಬಾಲ ಹಿಂಗ ಸುರುಳಿ ಸುತ್ತೇತಿ. ಯಾವ ದೇವ್ರೋ ಇದು?”

“ದೇವ್ರಲ್ಲ ಅತ್ತಿ, ಮೀನು. ಸಮುದ್ರದಾಗ ಇರತೈತಿ. ಕಡಲಕುದುರಿ ಅಂತಾರ. ನೆಟ್ಟಗ ನಿಂತಽ ಈಸತೈತಿ. ಮರಿ ಹೊಟ್ಟ್ಯಾಗ ಹೊರೂದು ಗಂಡು.”

“ಖರೇನಽ?”

“ಖರೇನಽ.”

ಸುರುಳಿಯ ಬಾಲದ ತುದಿಯಿಂದ ಹೆಬ್ಬೆರಳನ್ನು ಹತ್ತಿಸಿ ಮೂತಿಯವರೆಗೆ ಒಯ್ದಳು. ಮತ್ತೆ ಮೂತಿಯಿಂದ ಬಾಲಕ್ಕೆ ಇಳಿಸಿದಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು: “ಕಣ್ಣ ಇದ್ದಾಗ ನಾ ಇದನ್ನ ನೋಡೇ ಇರಲಿಲ್ಲ ನೋಡೋ.”

ಆ ನಾಣ್ಯವನ್ನು ನಾನು ಎಷ್ಟು ಸಲ ಭೂತಗನ್ನಡಿಯಲ್ಲಿ ನೋಡಿದ್ದೆನೋ! ಆದರೆ ಕಡಲಕುದುರೆಯ ಚಿತ್ರವನ್ನು ಅದಕ್ಕೂ ಮೊದಲು ಪುಸ್ತಕದಲ್ಲಿ ಕಂಡಿದ್ದೆ, ಟೀವಿಯಲ್ಲಿ ಕಂಡಿದ್ದೆ. ಅತ್ತೆಯ ಪಾಲಿಗೆ ಅದು ಸೃಷ್ಟಿಯಾದದ್ದೇ ಆ ಗಳಿಗೆಯಲ್ಲಿ, ಅವಳ ಬೆರಳಿನ ಕೆಳಗೆ. ಎಂದೂ ಅವಳನ್ನು ನೋಡದ, ಬಾದಾಮಿಯ ಹೆಸರನ್ನೂ ಕೇಳಿರದ ಒಬ್ಬ ಕುಶಲಿ ಎಲ್ಲಿಯೋ ಕೂತು ಉಳಿ ಹಿಡಿದಿದ್ದ. ಅವನ ಕೈಯಿಂದ ಹೊರಟ ಕುದುರೆ ಯಾರ್‍ಯಾರ ಜೇಬು, ಗಲ್ಲೆ, ಪೆಟ್ಟಿಗೆಗಳಲ್ಲಿ ಈಸಿ, ಕಡಲಿನಿಂದ ಇಷ್ಟು ದೂರದ ಈ ಕೆಂಪು ಬಂಡೆಗಳ ಊರಿಗೆ ಬಂದು ದಡ ಸೇರಿತ್ತು. ಆ ದಿನ ಅತ್ತೆ ಎರಡು ರೊಟ್ಟಿ ತಿಂದಳು.

ಅವಳ ಬೆರಳಿಗೆ ಬಾಯಿ ಬಿಟ್ಟ ನಾಣ್ಯಗಳನ್ನು ನಾನು ಅವಳ ಹತ್ತಿರವೇ ಬಿಟ್ಟುಬಂದೆ. ಮಧ್ಯಾಹ್ನದ ಹೊತ್ತು ಓಣಿಯ ಹೆಂಗಸರು ಕೂಡತೊಡಗಿದರಂತೆ. ಅವರಿಗೆ ಕಣ್ಣು ಮುಚ್ಚಿಸಿ ನಾಣ್ಯ ಕೊಟ್ಟು, ಏನೆಂದು ಹೇಳಿಸುವುದು ಅತ್ತೆಯ ಆಟ. ಒಬ್ಬಾಕೆ ಜೇನುಹುಳಕ್ಕೆ ತಗಣಿ ಎಂದದ್ದನ್ನು ಹೇಳಿಕೊಂಡು ಅವಳು ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು.

ಕೆಲವು ತಿಂಗಳಾದ ಮೇಲೆ, ಬಾದಾಮಿಯಿಂದ ಮರಳುವಾಗ ಆ ನಾಣ್ಯಗಳಲ್ಲಿ ಒಂದೆರಡನ್ನು ತಂದು ಕುಲಕರ್ಣಿ ಸರ್‌ಗೆ ಅವರ ಮನೆಯಲ್ಲಿ ತೋರಿಸಿದೆ. ಅವರ ಮುಖ ನೋಡಿ ನಾನೇ ಎದ್ದು ನೀರು ತಂದುಕೊಟ್ಟೆ. “ಏನ್ ಮಾಡಿರ್ರೀ ಇದು? ಕೋಳಿ ಪುಚ್ಚ ಸವದು ಹೋಗೇತಿ!” ನಡೆದದ್ದನ್ನೆಲ್ಲ ಹೇಳಿದೆ. ಅವರು ಚಷ್ಮಾ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಒಳಗೆ ಹೋಗಿ ತಮ್ಮ ಸಂಗ್ರಹದಿಂದ ಗ್ರೀಸ್ ದೇಶದ ಗೂಬೆಯ ನಾಣ್ಯವೊಂದನ್ನು ತಂದರು. ಎಂದಿನಂತೆ ಅಂಚು ಹಿಡಿದೇ ತಂದರು. ಆದರೆ ನನ್ನ ಕೈಗೆ ಕೊಡುವಾಗ ಒಂದು ಗಳಿಗೆ ತಡೆದು, ತಮ್ಮ ಹೆಬ್ಬೆರಳನ್ನು ಅದರ ಮೇಲೆ ಒಮ್ಮೆ ಆಡಿಸಿ ನೋಡಿದರು. “ಅವರಿಗೆ ಕೊಡ್ರಿ” ಎಂದರು.

“ಕೋಳಿ ಆತು, ಈಗ ಗೂಗಿ ಕಳಿಸ್ಯಾರೇನು ನಿಮ್ಮ ಮಾಸ್ತರ್ರು?” ಎಂದಳು ಅತ್ತೆ. ಆ ದೇಶದಲ್ಲಿ ಗೂಬೆ ವಿದ್ಯಾದೇವತೆಯ ಪಕ್ಷಿ ಎಂದು ವಿವರಿಸಿದೆ. “ಹಂಗಾರ ಇರಲಿ” ಎಂದು ಸೊಂಟದ ಚೀಲಕ್ಕೆ ಸೇರಿಸಿದಳು. ನಂತರ, ಇದ್ದಕ್ಕಿದ್ದಂತೆ, “ನನ್ನ ಮಹಾಕೂಟಕ್ಕ ಕರಕೊಂಡ ಹೋಗು. ಬಸವಣ್ಣನ್ನ ಮುಟ್ಟಿ ಭಾಳ ದಿನ ಆತು” ಎಂದಳು. ಕಣ್ಣು ಹೋದ ಮೇಲೆ ಅವಳು ಹೊಸಿಲು ದಾಟಿ ಎಲ್ಲಿಗಾದರೂ ಹೋಗುವೆನೆಂದದ್ದು ಅದೇ ಮೊದಲು.

ಹೋದೆವು. ಗುಡಿಯ ಹೊಂಡದ ನೀರಿನಲ್ಲಿ ಕಾಲು ತೊಳೆದುಕೊಂಡು ನಂದಿಯ ಮುಂದೆ ಬಂದೆವು. ಅತ್ತೆ ಎರಡೂ ಕೈಯಿಂದ ಅದರ ಕೊರಳನ್ನು ತಬ್ಬಿದಳು, ಡುಬ್ಬದ ಮೇಲೆ ಅಂಗೈ ಇಟ್ಟು ತೃಪ್ತಿಯಿಂದ ತಲೆಯಾಡಿಸಿದಳು. “ಇದು ನೋಡು ಎತ್ತು” ಎಂದಳು. ಆಮೇಲೆ ನನ್ನ ಕೈ ಹಿಡಿದು ನಂದಿಯ ಕೊರಳ ಕೆಳಗಿಟ್ಟಳು. “ಕಣ್ಣ ಮುಚ್ಚು. ನೋಡೀಗ.”

ಮುಚ್ಚಿದೆ. ಮೊದಲು ಬರೀ ಕಲ್ಲು. ಆಮೇಲೆ ಬಿಸಿಲಿಗೆ ಬೆಚ್ಚಗಾದ ಕಲ್ಲು. ಆಮೇಲೆ ಜೋಲುವ ಗಂಗೆದೊಗಲಿನ ಮಡಿಕೆ, ಒಂದು, ಅದರ ಕೆಳಗೆ ಇನ್ನೊಂದು. ಎಣ್ಣೆ ಉಂಡು ನುಣುಪಾದ ಮೈ, ಒಳಗೆ ಉಸಿರು ಇರಲೇಬೇಕು ಎಂಬಂಥ ಉಬ್ಬು. ಎಷ್ಟು ಕಾಲದಿಂದ ಎಷ್ಟು ಕೈಗಳು ಹೀಗೆ ಮುಟ್ಟಿರಬೇಕು! ನಾನು ಹಾಗೇ ನಿಂತುಬಿಟ್ಟೆ.

ಕಣ್ಣು ತೆರೆದಾಗ ಪಕ್ಕದಲ್ಲಿಟ್ಟಿದ್ದ ಹಣ್ಣುಕಾಯಿಯ ಚೀಲ ಇರಲಿಲ್ಲ. ಎದುರಿನ ಗುಡಿಯ ಮೇಲೆ ಒಂದು ಮಂಗ ನಮ್ಮ ಬಾಳೆಹಣ್ಣನ್ನು ಶಾಸ್ತ್ರೋಕ್ತವಾಗಿ ಸುಲಿಯುತ್ತಿತ್ತು.

“ಅತ್ತಿ, ಕಣ್ಣ ಮುಚ್ಚಿದ್ದಕ್ಕ ಮಂಗ್ಯಾ ಎಲ್ಲಾ ಒಯ್ತು” ಎಂದೆ.

ನಂದಿಯ ಬೆನ್ನಿನ ಮೇಲೆ ಕೈ ಆಡಿಸುತ್ತಲೇ ಅವಳು ಹೇಳಿದಳು: “ತೆರದಿದ್ರೂ ಒಯ್ತಿತ್ತು ಬಿಡೋ.”